ಗಡ್ಡೆ ರೋಗ ಬಾರದ ಕೋಳಿ ತಳಿ ಅಂತ ಇದೆಯಾ?

ಪ್ರಶ್ನೆ: ಡಾಕ್ಟ್ರೇ, ಕನಕಪುರ ರಸ್ತೆಯಲ್ಲಿ ಕಗ್ಗಲೀಪುರದ ಹತ್ತಿರ ನಮ್ಮದೊಂದು ಸಣ್ಣ ತೋಟ ಇದೆ. ಮನೆ ಮಟ್ಟಕ್ಕೆ ಅಂತ 40 ನಾಟಿ ಮರಿ ತಂದ್ವಿ. ಜೊತೆಗೆ ಒಂದು ಫಾರಂನಿಂದ ಹಳೇ ಮೊಟ್ಟೆ ಕೋಳಿ ಆರು ತಂದು ಅದೇ ಶೆಡ್‌ಗೆ ಬಿಟ್ವಿ. ಮರಿಗಳಿಗೆ ನಾಲ್ಕು ತಿಂಗಳಾಗೋ ಹೊತ್ತಿಗೆ ಒಂದೊಂದೇ ಕುಂಟೋಕೆ ಶುರುವಾಯ್ತು. ಆಮೇಲೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದುಕೊಳ್ಳುತ್ತಿದ್ದವು. ಒಂದರ ಕಣ್ಣು ಬೂದು ಬಣ್ಣಕ್ಕೆ ತಿರುಗಿತ್ತು. ಇಲ್ಲಿವರೆಗೆ 14 ಸತ್ತಿವೆ, ಹಳೇ ಆರು ಮಾತ್ರ ಚೆನ್ನಾಗಿವೆ. ನಮ್ಮೂರ ಪಶುವೈದ್ಯರು ಒಂದನ್ನ ಕುಯ್ದು ನೋಡಿ ಲಿವರ್ ತುಂಬಾ ಬಿಳಿ ಗಂಟು ತೋರಿಸಿದ್ರು. ಮ್ಯಾರೆಕ್ಸ್ ಇರಬೇಕು, ಲ್ಯೂಕೋಸಿಸ್ ಕೂಡ ಆಗಿರಬಹುದು ಅಂದ್ರು. ಮರಿ ಕೊಟ್ಟವರು ನಾಟಿ ಕೋಳಿಗೆ ಜೀನ್‌ನಲ್ಲೇ ರೋಗ ತಡೆಯೋ ಶಕ್ತಿ ಇದೆ, ಲಸಿಕೆ ಬೇಡ ಅಂದಿದ್ರು. ಪಕ್ಕದ ಮನೆಯವರು ಇಂಥ ಕೋಳಿ ಮೊಟ್ಟೆ ತಿಂದ್ರೆ ಮಕ್ಕಳಿಗೂ ಕ್ಯಾನ್ಸರ್ ಬರುತ್ತೆ ಅಂತಾರೆ. ನಿಜವಾಗ್ಲೂ ಈ ರೋಗ ಬಾರದ ತಳಿ ಇದೆಯಾ? ಬದುಕಿ ಉಳಿದಿರೋ ಕೋಳಿಗಳು ಗಟ್ಟಿ ಅಂತಾಯ್ತಲ್ವಾ, ಅವುಗಳಿಂದಲೇ ಮರಿ ಮಾಡಿಸಬಹುದಾ? ಇಲ್ಲ ಎಲ್ಲಾನೂ ತೆಗೆದುಬಿಡಬೇಕಾ?

ಉತ್ತರ: ಕಣ್ಣೆದುರೇ 14 ಕೋಳಿ ಹೋದ ಮೇಲೆ ಯಾರಿಗಾದ್ರೂ ದಿಕ್ಕು ತೋಚಲ್ಲ. ನಿಮ್ಮ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಉಳಿದ ಕೋಳಿಗಳಿಂದ ಮರಿ ಮಾಡಿಸಬಹುದಾ ಅನ್ನೋದು. ಇದಕ್ಕೆ ಸುಮ್ನೆ ಹೌದು ಅಥವಾ ಇಲ್ಲ ಅನ್ನೋಕಾಗಲ್ಲ. ಬಂದಿರೋದು ಮ್ಯಾರೆಕ್ಸ್ ಆದರೆ ನಿಮ್ಮ ಯೋಚನೆಯಲ್ಲಿ ಸ್ವಲ್ಪ ಅರ್ಥ ಇದೆ. ಲ್ಯೂಕೋಸಿಸ್ ಆದರೆ ಬದುಕಿ ಉಳಿದ ಹೇಟೆಯಿಂದ ಮರಿ ಮಾಡಿಸೋದು ನೀವು ಮಾಡಬಹುದಾದ ಅತಿ ಕೆಟ್ಟ ಕೆಲಸ. ಎರಡೂ ವೈರಸ್‌ನಿಂದ ಬರೋ ಗಡ್ಡೆ ರೋಗಗಳೇ, ಗಡ್ಡೆ ಒಂದೇ ಥರ ಕಾಣುತ್ತೆ, ಲಿವರ್‌ನಲ್ಲಿ ಗಂಟು ಎರಡರಲ್ಲೂ ಬರುತ್ತೆ. ಆದರೆ ಹರಡೋ ದಾರಿ ಬೇರೆ, ಜೀನ್ ತಡೆಯೋ ರೀತಿನೂ ಬೇರೆ. ಅದನ್ನೇ ಬಿಡಿಸಿ ಹೇಳ್ತೀನಿ.

ಅದಕ್ಕೂ ಮುಂಚೆ ಮಕ್ಕಳ ವಿಷಯ. ಮ್ಯಾರೆಕ್ಸ್ ವೈರಸ್ ಹರ್ಪಿಸ್ ಜಾತಿಯದು, ಕೋಳಿ ಮತ್ತು ಅದರ ಹತ್ತಿರದ ಕೆಲವು ಹಕ್ಕಿಗಳಿಗೆ ಬಿಟ್ಟರೆ ಮನುಷ್ಯರಿಗೆ ಅಂಟಲ್ಲ. ಲ್ಯೂಕೋಸಿಸ್ ವೈರಸ್ ಮೊಟ್ಟೆಯ ಬಿಳಿ ಭಾಗದಲ್ಲಿ ಇರುತ್ತೆ, ಅದು ನಿಜ, ಹಾಗಾಗಿ ಭಯ ಸಹಜವೇ. ಆದರೆ ಈ ಭಯವನ್ನ ವಿಜ್ಞಾನಿಗಳು ತುಂಬಾ ಹಿಂದೆಯೇ ಪರೀಕ್ಷೆ ಮಾಡಿದ್ದಾರೆ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಹಳದಿ ಜ್ವರದ ಲಸಿಕೆ ಕೋಳಿ ಭ್ರೂಣದಲ್ಲಿ ಬೆಳೆಸಿದ್ದು, ಅದರಲ್ಲಿ ಲ್ಯೂಕೋಸಿಸ್ ವೈರಸ್ ಸೇರಿಕೊಂಡಿತ್ತು. ಅಂದರೆ ಆ ಸೈನಿಕರ ಮೈಗೆ ವೈರಸ್ಸನ್ನ ಸೂಜಿಯಲ್ಲೇ ಚುಚ್ಚಿದ ಹಾಗಾಗಿತ್ತು. ಅವರಲ್ಲಿ ಕ್ಯಾನ್ಸರ್ ಸಾವು ಜಾಸ್ತಿ ಆಗಿದೆಯಾ ಅಂತ ದಾಖಲೆ ತೆಗೆದು ನೋಡಿ 1972ರಲ್ಲಿ ಪ್ರಕಟಿಸಿದರು. ಜಾಸ್ತಿ ಆಗಿರಲಿಲ್ಲ. ಆರೋಗ್ಯವಾಗಿರೋ ಕೋಳಿಯ ಮೊಟ್ಟೆಯನ್ನ ಬೇಯಿಸಿ ಮಕ್ಕಳಿಗೆ ಧೈರ್ಯವಾಗಿ ಕೊಡಿ. ಕಾಯಿಲೆ ಬಿದ್ದ ಕೋಳಿ, ಗಂಟು ಕಂಡ ಕೋಳಿ ಮಾತ್ರ ತಿನ್ನಬೇಡಿ. ಕ್ಯಾನ್ಸರ್ ಅಂಟುತ್ತೆ ಅಂತಲ್ಲ, ಸೊರಗಿದ ಕೋಳಿಯಲ್ಲಿ ಬೇರೆ ಸೋಂಕುಗಳೂ ಸೇರಿಕೊಂಡಿರುತ್ತವೆ.

ಈಗ ನಿಮ್ಮ ಶೆಡ್‌ಗೆ ಬರೋಣ. ನಾಲ್ಕು ತಿಂಗಳ ವಯಸ್ಸು, ಕಾಲು ಮುಂದೆ ಹಿಂದೆ ಚಾಚೋದು, ಬೂದು ಕಣ್ಣು, ಇಷ್ಟೂ ಸೇರಿದರೆ ನನ್ನ ಅಂದಾಜು ಮ್ಯಾರೆಕ್ಸ್ ಕಡೆಗೇ ಹೋಗುತ್ತೆ. ಆದರೆ ಅಂದಾಜಿನ ಮೇಲೆ ಮರಿ ಮಾಡಿಸೋ ತೀರ್ಮಾನ ಮಾಡೋದು ಬೇಡ. ಇನ್ನೊಂದು ಕೋಳಿ ಸತ್ತರೆ ಅಥವಾ ಸಾಯೋ ಹಾಗಿದ್ದರೆ ಇದನ್ನ ಮಾಡಿಸಿ: ಎರಡೂ ತೊಡೆಯ ಒಳಭಾಗದಲ್ಲಿ ಮಾಂಸ ಬಿಡಿಸಿದರೆ ಕಾಲಿಗೆ ಹೋಗೋ ದೊಡ್ಡ ನರ ಕಾಣುತ್ತೆ. ಆರೋಗ್ಯವಾಗಿರೋ ನರ ತೆಳ್ಳಗೆ, ಬಿಳಿಯಾಗಿ, ಹೊಳೀತಾ ಇರುತ್ತೆ, ಬೆಳಕಿಗೆ ಹಿಡಿದರೆ ಅಡ್ಡಕ್ಕೆ ಸಣ್ಣ ಸಣ್ಣ ಗೆರೆಗಳು ಕಾಣ್ತವೆ. ಮ್ಯಾರೆಕ್ಸ್ ಬಂದ ಕೋಳಿಯಲ್ಲಿ ಎಷ್ಟೋ ಸಲ ಒಂದು ಕಡೆಯ ನರ ಮಾತ್ರ ಎರಡು ಮೂರು ಪಟ್ಟು ದಪ್ಪ ಆಗಿ, ಹಳದಿ ಮಿಶ್ರಿತ ಬೂದು ಬಣ್ಣ ಬಂದು, ಆ ಗೆರೆಗಳು ಅಳಿಸಿಹೋಗಿರುತ್ತವೆ. ಎಡಕ್ಕೂ ಬಲಕ್ಕೂ ಹೋಲಿಸಿ ನೋಡಿದರೆ ಹೊಸಬರಿಗೂ ಗೊತ್ತಾಗುತ್ತೆ. ಲ್ಯೂಕೋಸಿಸ್‌ನಲ್ಲಿ ನರ ಹೀಗೆ ಊದಲ್ಲ. ಅದರಲ್ಲಿ ಗುದದ್ವಾರದ ಮೇಲ್ಭಾಗದಲ್ಲಿರೋ ಬರ್ಸಾ ಅನ್ನೋ ಸಣ್ಣ ಚೀಲದಲ್ಲಿ ಗಂಟು ಶುರುವಾಗಿ ಅಲ್ಲಿಂದ ಲಿವರ್‌ಗೆ ಹೋಗುತ್ತೆ, ಸಾವು ಸಾಮಾನ್ಯವಾಗಿ ನಾಲ್ಕು ತಿಂಗಳು ದಾಟಿದ ಮೇಲೆ, ಮೊಟ್ಟೆ ಇಡೋ ವಯಸ್ಸಲ್ಲಿ.

ಸಾಧ್ಯವಾದರೆ ಕೋಳಿಯನ್ನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಅಥವಾ ಅಲ್ಲೇ ಇರೋ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ತನ್ನಿ. ಜೀವ ಇರೋ ಕಾಯಿಲೆ ಕೋಳಿಯೇ ಒಳ್ಳೇದು. ಸತ್ತದ್ದಾದರೆ ಐಸ್ ಮೇಲೆ ಇಟ್ಟು ಅದೇ ದಿನ ತರಬೇಕು, ಫ್ರೀಜರ್‌ನಲ್ಲಿ ಗಟ್ಟಿ ಮಾಡಬೇಡಿ, ಅಂಗಾಂಶ ಹಾಳಾಗಿ ಸೂಕ್ಷ್ಮದರ್ಶಕದಲ್ಲಿ ಏನೂ ಗೊತ್ತಾಗಲ್ಲ. ಒಂದು ಎಚ್ಚರಿಕೆ: ಬರೀ ಪಿಸಿಆರ್‌ನಲ್ಲಿ, ಅಂದರೆ ವೈರಸ್ಸಿನ ಜೀನ್ ಹುಡುಕೋ ಪರೀಕ್ಷೆಯಲ್ಲಿ, ಮ್ಯಾರೆಕ್ಸ್ ಪಾಸಿಟಿವ್ ಅಂತ ಬಂದರೆ ಅಷ್ಟಕ್ಕೇ ಮುಗಿಯಲ್ಲ. ಈ ವೈರಸ್ ಇಲ್ಲದ ಕೋಳಿ ಶೆಡ್ ಸಿಗೋದೇ ಕಷ್ಟ, ಗಟ್ಟಿಮುಟ್ಟಾಗಿರೋ ಕೋಳಿಯಲ್ಲೂ ಪಾಸಿಟಿವ್ ಬರುತ್ತೆ. ವಯಸ್ಸು, ನರ, ಗಂಟಿನ ಜೀವಕೋಶ, ವೈರಸ್ಸಿನ ಪ್ರಮಾಣ ಎಲ್ಲಾ ಕೂಡಿಸಿ ನೋಡಿಯೇ ರೋಗ ಹೇಳೋದು.

ವೈರಸ್ ಎಲ್ಲಿಂದ ಬಂತು ಅಂತ ನೀವು ಕೇಳಿಲ್ಲ, ಆದರೆ ನಿಮ್ಮ ಪತ್ರದಲ್ಲೇ ಅದಕ್ಕೆ ಸುಳಿವು ಇದೆ. ಆ ಆರು ಹಳೇ ಮೊಟ್ಟೆ ಕೋಳಿಗಳು. ಬೆಂಗಳೂರು ಸುತ್ತ ಫಾರಂನವರು ಮೊಟ್ಟೆ ಕಡಿಮೆಯಾದ ಮೇಲೆ ಇವನ್ನ ಅಗ್ಗಕ್ಕೆ ಕೊಡ್ತಾರೆ, ತೋಟಕ್ಕೆ, ತಾರಸಿಗೆ ಅಂತ ಜನ ತರ್ತಾರೆ. ಫಾರಂ ಕೋಳಿಗಳಿಗೆ ಹುಟ್ಟಿದ ದಿನವೇ ಮ್ಯಾರೆಕ್ಸ್ ಲಸಿಕೆ ಹಾಕಿರುತ್ತಾರೆ. ಆದರೆ ಆ ಲಸಿಕೆ ಗಡ್ಡೆ ಬರೋದನ್ನ ತಡೆಯುತ್ತೆ, ಸೋಂಕನ್ನ ತಡೆಯಲ್ಲ. ವೈರಸ್ ಒಳಗೆ ಹೋಗುತ್ತೆ, ಪುಕ್ಕದ ಬುಡದಲ್ಲಿ ಬೆಳೆಯುತ್ತೆ, ಉದುರೋ ಚರ್ಮದ ಪುಡಿ ಮತ್ತು ಪುಕ್ಕದ ಧೂಳಿನ ಜೊತೆ ಹೊರಗೆ ಬರುತ್ತೆ. ಕೋಳಿ ಮಾತ್ರ ನೆಟ್ಟಗೆ ಓಡಾಡಿಕೊಂಡಿರುತ್ತೆ. ಆ ಧೂಳು ಉಸಿರಿನಲ್ಲಿ ಸೇರಿದರೆ ಸಾಕು, ಲಸಿಕೆ ಇಲ್ಲದ ಮರಿಗೆ ರೋಗ ಬರುತ್ತೆ. ಒಣ ಧೂಳಿನಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತೆ. 2015ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಇದನ್ನ ಸ್ಪಷ್ಟವಾಗಿ ತೋರಿಸಿದರು. ತುಂಬಾ ಉಗ್ರವಾದ ಮ್ಯಾರೆಕ್ಸ್ ವೈರಸ್ ಲಸಿಕೆ ಇಲ್ಲದ ಕೋಳಿಯನ್ನ ಬೇಗ ಕೊಲ್ಲುತ್ತೆ, ಕೋಳಿ ಸತ್ತರೆ ವೈರಸ್ಸೂ ಹೆಚ್ಚು ಹರಡಲ್ಲ. ಲಸಿಕೆ ಹಾಕಿದ ಕೋಳಿ ಸಾಯದೆ ವಾರಗಟ್ಟಲೆ ಅದನ್ನ ಹೊರಹಾಕುತ್ತಾ ಇರುತ್ತೆ. ಹಾಗಂತ ಲಸಿಕೆ ಬೇಡ ಅಂತಲ್ಲ. ಲಸಿಕೆ ಹಾಕಿದವನ್ನೂ ಹಾಕದವನ್ನೂ ಒಂದೇ ಶೆಡ್‌ನಲ್ಲಿ ಸೇರಿಸಬಾರದು ಅಂತ.

ನಾಟಿ ಕೋಳಿಗೆ ಜೀನ್‌ನಲ್ಲೇ ಶಕ್ತಿ ಇದೆ ಅನ್ನೋ ಮಾತನ್ನ ನಾನು ಪೂರ್ತಿ ತಳ್ಳಿಹಾಕಲ್ಲ. ಹಳ್ಳಿಯಲ್ಲಿ ನಾಟಿ ಕೋಳಿ ಬಯಲಲ್ಲಿ ಮೇಯುತ್ತೆ, ಹತ್ತಾರು ಇದ್ದರೆ ಜಾಸ್ತಿ, ಧೂಳು ಒಂದು ಕಡೆ ತುಂಬಲ್ಲ. ನಾಲ್ಕು ಸತ್ತರೆ ರಾಣಿಖೇತ್ ಕಾಯಿಲೆ ಬಂತು ಅಂತಾರೆ, ಇಲ್ಲ ಕಾಡುಬೆಕ್ಕು ಹಿಡೀತು ಅಂತಾರೆ, ಕುಯ್ದು ನರ ನೋಡೋರು ಯಾರು? ಹೀಗಾಗಿ ನಾಟಿಗೆ ಮ್ಯಾರೆಕ್ಸ್ ಬರಲ್ಲ ಅನ್ನೋ ನಂಬಿಕೆ ಬೆಳೆದಿದೆ. ಬರುತ್ತೆ. ಅಷ್ಟೇ ಅಲ್ಲ, ನಾಟಿ ಅನ್ನೋದು ಒಂದು ತಳಿ ಅಲ್ಲವೇ ಅಲ್ಲ. ಬೆಂಗಳೂರಿನ ಸಂತೆಗಳಲ್ಲಿ ನಾಟಿ ಮರಿ ಅಂತ ಸಿಗೋದರಲ್ಲಿ ಗಿರಿರಾಜ, ಸ್ವರ್ಣಧಾರಾ, ಅಸೀಲ್, ಕಡಕ್‌ನಾಥ್ ಎಲ್ಲದರ ಬೆರಕೆ ಇರುತ್ತೆ. ಗಿರಿರಾಜ, ಸ್ವರ್ಣಧಾರಾ ನಮ್ಮ ಹೆಬ್ಬಾಳದಲ್ಲೇ ಆದ ತಳಿಗಳು, ಹಿತ್ತಲಿಗೆ ಒಳ್ಳೇ ಕೋಳಿಗಳು. ಆದರೆ ಅವನ್ನ ತೂಕ, ಮೊಟ್ಟೆ, ಮೇಯ್ದು ಬದುಕೋ ಗುಣಕ್ಕೆ ಅಂತ ಬೆಳೆಸಿದ್ದು. ಅವಕ್ಕೂ ಮ್ಯಾರೆಕ್ಸ್ ಲಸಿಕೆ ಬೇಕು.

ಹಾಗಾದರೆ ಜೀನ್‌ನ ಶಕ್ತಿ ಅನ್ನೋದು ಸುಳ್ಳಾ? ಖಂಡಿತ ಅಲ್ಲ. 1907ರಲ್ಲಿ ಹಂಗೇರಿಯ ಯೋಸೆಫ್ ಮಾರೆಕ್ ಅನ್ನೋ ಪಶುವೈದ್ಯರು ಕಾಲು ಬಿದ್ದುಹೋದ ನಾಲ್ಕು ಹುಂಜಗಳನ್ನ ನೋಡಿ ಈ ರೋಗವನ್ನ ಮೊದಲು ವಿವರಿಸಿದರು. ವೈರಸ್ ಕೈಗೆ ಸಿಕ್ಕಿದ್ದು 1967ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮುಂಚೆ, 1930ರ ದಶಕದಲ್ಲೇ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹಟ್ ಮತ್ತು ಕೋಲ್ ಅನ್ನೋರು ರೋಗಕ್ಕೆ ಜಗ್ಗದ ಕೋಳಿ ವಂಶಗಳನ್ನ ಆರಿಸಿ ಬೆಳೆಸೋಕೆ ಶುರು ಮಾಡಿದ್ರು. ಕಾರಣ ಗೊತ್ತಿಲ್ಲದೆಯೇ ಕೆಲವು ವಂಶಗಳಲ್ಲಿ ಸಾವು ತುಂಬಾ ಕಡಿಮೆ ಆಯ್ತು. 1967ರಲ್ಲಿ ಇನ್ನೊಂದು ದೊಡ್ಡ ಸುಳಿವು ಸಿಕ್ಕಿತು. ಕೋಳಿಗಳಲ್ಲೂ ರಕ್ತದ ಗುಂಪುಗಳಿವೆ, ಅದರಲ್ಲಿ ಬಿ-21 ಅನ್ನೋ ಗುಂಪಿನವು ಮ್ಯಾರೆಕ್ಸ್‌ಗೆ ಗಟ್ಟಿಯಾಗಿ ನಿಲ್ಲುತ್ತವೆ ಅಂತ. ಬಿ-19 ಇರೋವು ಬೇಗ ಸೋಲ್ತವೆ. ಆ ಜೀನ್‌ಗಳು ಇರೋದು 16ನೇ ಕ್ರೋಮೋಸೋಮ್‌ನಲ್ಲಿ. ಸೋಂಕು ತಗುಲಿದ ಜೀವಕೋಶವನ್ನ ಮೈಯ ರಕ್ಷಣಾ ಪಡೆಗೆ ತೋರಿಸಿಕೊಡೋದು ಇವುಗಳ ಕೆಲಸ, ಬಿ-21 ಇದ್ದ ಕೋಳಿ ಈ ಕೆಲಸ ಚೆನ್ನಾಗಿ ಮಾಡುತ್ತೆ. ಆದರೆ ವಿಷಯ ಅಲ್ಲಿಗೇ ನಿಲ್ಲಲ್ಲ. ಅಮೆರಿಕದ ಈಸ್ಟ್ ಲ್ಯಾನ್ಸಿಂಗ್ ಪ್ರಯೋಗಾಲಯದಲ್ಲಿ 6 ಮತ್ತು 7 ಅಂತ ಎರಡು ಪ್ರಸಿದ್ಧ ವಂಶಗಳಿವೆ. ಎರಡರಲ್ಲೂ ಬಿ ಗುಂಪು ಒಂದೇ. ಆದರೂ 6 ಗಟ್ಟಿ, 7 ಮೆತ್ತಗೆ. ಅಂದರೆ ಬೇರೆ ಜೀನ್‌ಗಳೂ ಇದರಲ್ಲಿ ಕೈ ಹಾಕಿವೆ, ಒಂದೆರಡಲ್ಲ, ಹಲವು.

ಇದರಿಂದ ನಿಮಗೆ ಬೇಕಾದ ಮಾತು ಏನಪ್ಪಾ ಅಂದರೆ, ಮ್ಯಾರೆಕ್ಸ್‌ಗೆ ಜೀನ್ ಕೊಡೋ ರಕ್ಷಣೆ ಹೆಚ್ಚು ಕಡಿಮೆ ಅನ್ನೋ ಲೆಕ್ಕದ್ದು, ಇದೆ ಇಲ್ಲ ಅನ್ನೋ ಲೆಕ್ಕದ್ದಲ್ಲ. ಗಟ್ಟಿ ಕೋಳಿಗೂ ಸೋಂಕು ತಗುಲುತ್ತೆ, ಅದೂ ವೈರಸ್ ಹೊರಹಾಕುತ್ತೆ, ಗಡ್ಡೆ ಬರೋದು ಮಾತ್ರ ಕಡಿಮೆ. ವೈರಸ್ ಉಗ್ರವಾದರೆ, ಧೂಳು ಜಾಸ್ತಿ ಆದರೆ, ಅಥವಾ ಮರಿ ಮೊದಲ ವಾರದಲ್ಲೇ ಸೋಂಕು ತಗುಲಿಸಿಕೊಂಡರೆ ಗಟ್ಟಿ ಕೋಳಿನೂ ಸೋಲುತ್ತೆ. ಲಸಿಕೆ ಎಷ್ಟು ಕೆಲಸ ಮಾಡುತ್ತೆ ಅನ್ನೋದೂ ಕೋಳಿಯ ಬಿ ಗುಂಪಿನ ಮೇಲೆ ನಿಂತಿದೆ ಅಂತ ಗೊತ್ತಾಗಿದೆ. ಹಾಗಾಗಿ ಜೀನ್ ಇದೆ, ಲಸಿಕೆ ಬೇಡ ಅನ್ನೋದು ತಪ್ಪು ಲೆಕ್ಕ. ಎರಡೂ ಸೇರಿದರೇ ಬಲ. ನಿಮಗೆ ಮರಿ ಕೊಟ್ಟವರು ಮೋಸ ಮಾಡಬೇಕು ಅಂತ ಹೇಳಿರಲಿಕ್ಕಿಲ್ಲ, ಎಲ್ಲರೂ ಹೇಳೋ ಮಾತನ್ನೇ ಹೇಳಿದ್ದಾರೆ. ಆದರೆ ತಳಿಯ ಹೆಸರು ಹೇಳಿ ಯಾರಾದ್ರೂ ಮ್ಯಾರೆಕ್ಸ್ ಬರೋದೇ ಇಲ್ಲ ಅಂತ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಈಜಿಪ್ಟಿನ ಫಯೂಮಿ ಕೋಳಿಗೆ ಗಟ್ಟಿ ಅನ್ನೋ ಹೆಸರಿದೆ, ಅದೂ ಗ್ಯಾರಂಟಿ ಅಲ್ಲ.

ಲ್ಯೂಕೋಸಿಸ್ ಕಥೆ ಬೇರೆ. 1908ರಲ್ಲಿ ಕೋಪನ್‌ಹೇಗನ್‌ನ ಎಲರ್‌ಮನ್ ಮತ್ತು ಬಾಂಗ್ ಕೋಳಿಯ ರಕ್ತ ಕ್ಯಾನ್ಸರ್ ಅನ್ನ ಜೀವಕೋಶವೇ ಇಲ್ಲದ, ಸೋಸಿದ ದ್ರವದಿಂದ ಇನ್ನೊಂದು ಕೋಳಿಗೆ ದಾಟಿಸಿ ತೋರಿಸಿದರು. ಮೂರು ವರ್ಷ ಕಳೆದು ಪೇಟನ್ ರೌಸ್ ಇನ್ನೊಂದು ಬಗೆಯ ಕೋಳಿ ಗಡ್ಡೆಯಲ್ಲಿ ಇದನ್ನೇ ತೋರಿಸಿದರು, ಅದಕ್ಕೆ ಅವರಿಗೆ ನೊಬೆಲ್ ಬಂದಿದ್ದು 1966ರಲ್ಲಿ! ಈ ಗುಂಪಿನ ವೈರಸ್‌ಗಳಲ್ಲಿ ಎ, ಬಿ, ಸಿ, ಡಿ, ಇ, ಜೆ ಅಂತ ಉಪಗುಂಪುಗಳಿವೆ. ಪ್ರತಿಯೊಂದಕ್ಕೂ ಕೋಳಿಯ ಜೀವಕೋಶದ ಮೇಲೆ ಒಂದು ನಿರ್ದಿಷ್ಟ ಪ್ರೋಟೀನ್ ಬೇಕು, ಬೀಗಕ್ಕೆ ಕೀಲಿ ಕೈ ಹೊಂದೋ ಹಾಗೆ ಹೊಂದಬೇಕು. ಆ ಪ್ರೋಟೀನ್‌ನ ಜೀನ್‌ನಲ್ಲಿ ಬದಲಾವಣೆ ಆಗಿದ್ದರೆ ವೈರಸ್ ಒಳಗೆ ಹೋಗೋಕೇ ಆಗಲ್ಲ. ಇಲ್ಲಿ ಹೆಚ್ಚು ಕಡಿಮೆ ಅನ್ನೋದಿಲ್ಲ, ಬಾಗಿಲು ತೆರೆಯುತ್ತೆ, ಇಲ್ಲ ತೆರೆಯಲ್ಲ. ಇಂಥ ನಿರೋಧ ಕೆಲವು ಕೋಳಿಗಳಲ್ಲಿ ಹುಟ್ಟಿನಿಂದಲೇ ಇರುತ್ತೆ, ಆದರೆ ಎರಡು ತೊಡಕು. ಒಂದು, ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್ ಬಂದಿದ್ದರೆ ಮಾತ್ರ ಪೂರಾ ರಕ್ಷಣೆ. ಇನ್ನೊಂದು, ಎ ಉಪಗುಂಪಿಗೆ ಮುಚ್ಚಿದ ಬಾಗಿಲು ಜೆ ಉಪಗುಂಪಿಗೆ ತೆರೆದೇ ಇರಬಹುದು. ಜೆ ಅನ್ನೋದು ಇಂಗ್ಲೆಂಡಿನಲ್ಲಿ 1980ರ ದಶಕದ ಕೊನೆಯಲ್ಲಿ ಮಾಂಸದ ಕೋಳಿಗಳಲ್ಲಿ ಸಿಕ್ಕಿದ್ದು, ಅಲ್ಲಿಂದ ಪ್ರಪಂಚದ ತುಂಬಾ ಹಬ್ಬಿ ತಳಿ ಕಂಪನಿಗಳನ್ನ ಹೈರಾಣ ಮಾಡಿತು. ಪ್ರಾಗ್‌ನ ವಿಜ್ಞಾನಿಗಳು 2020ರಲ್ಲಿ ಜೀನ್ ತಿದ್ದೋ ಕ್ರಿಸ್ಪರ್ ವಿಧಾನದಿಂದ ಜೆ ಒಳಗೆ ಬರೋ ಪ್ರೋಟೀನ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ, 38ನೇ ಸ್ಥಾನದ ಟ್ರಿಪ್ಟೊಫಾನ್, ತೆಗೆದುಹಾಕಿ ಜೆ ವೈರಸ್ ತಾಗದ ಕೋಳಿಗಳನ್ನ ಬೆಳೆಸಿದ್ದಾರೆ. ನನಗೆ ಇದು ತುಂಬಾ ಸಂತೋಷ ಕೊಟ್ಟ ಸುದ್ದಿ. ಆದರೆ ಅಂಥ ಕೋಳಿ ನಮ್ಮ ಮಾರುಕಟ್ಟೆಯಲ್ಲಿ ಸಿಗಲ್ಲ. ಯಾರಾದ್ರೂ ಆ ಹೆಸರಲ್ಲಿ ಮರಿ ಮಾರೋಕೆ ಬಂದರೆ ಬಾಗಿಲಲ್ಲೇ ಕಳಿಸಿಬಿಡಿ.

ಈಗ ಬದುಕಿ ಉಳಿದ ಕೋಳಿಗಳು. ಮ್ಯಾರೆಕ್ಸ್ ಮೊಟ್ಟೆಯ ಮೂಲಕ ಮರಿಗೆ ಹೋಗಲ್ಲ. ಹಾಗಾಗಿ ಬಂದಿರೋದು ಮ್ಯಾರೆಕ್ಸ್ ಅಂತ ಖಚಿತವಾದರೆ, ಅದೇ ಧೂಳಿನಲ್ಲಿ ಬೆಳೆದು ಎರಡು ವರ್ಷ ದಾಟಿ ಮೊಟ್ಟೆ ಇಡ್ತಾ ಇರೋ ಹೇಟೆಯ ಮೊಟ್ಟೆ ಕಾವಿಗೆ ಇಡೋದರಲ್ಲಿ ತಪ್ಪಿಲ್ಲ, ಸ್ವಲ್ಪ ಲಾಭವೇ. ಆರು ತಿಂಗಳ ಕೋಳಿ ಬದುಕಿದೆ ಅಂದ ಮಾತ್ರಕ್ಕೆ ಗಟ್ಟಿ ಅನ್ನಬೇಡಿ, ಇನ್ನೂ ಅಪಾಯದ ವಯಸ್ಸು ದಾಟಿಲ್ಲ, ಅಥವಾ ಅದೃಷ್ಟಕ್ಕೆ ತಡವಾಗಿ ಸೋಂಕು ತಗುಲಿರಬಹುದು. ಫಾರಂನಿಂದ ತಂದ ಆ ಆರನ್ನಂತೂ ಲೆಕ್ಕಕ್ಕೇ ತಗೋಬೇಡಿ, ಅವು ನಿಂತಿರೋದು ಬಹುಶಃ ಲಸಿಕೆಯಿಂದ. ಕಾರ್ನೆಲ್‌ನಲ್ಲಿ ಕೋಲ್ ಆಮೇಲೆ ಮಾಡಿದ ಕೆಲಸದಲ್ಲಿ ತಾಯಿ ತಂದೆಯನ್ನ ಆರಿಸಿದ್ದು ಅವು ಬದುಕಿವೆ ಅಂತಲ್ಲ. ಅವುಗಳ ಮರಿಗಳಿಗೆ ವೈರಸ್ ತಗುಲಿಸಿ, ಯಾರ ಮರಿಗಳು ಹೆಚ್ಚು ಉಳಿದವು ಅಂತ ನೋಡಿ ಆರಿಸಿದ್ದು. ಅದಕ್ಕೆ ನೂರಾರು ಕೋಳಿ, ಕಾಲಿಗೆ ನಂಬರ್ ಉಂಗುರ, ವರ್ಷಗಳ ದಾಖಲೆ ಬೇಕು. 26 ಕೋಳಿಯಲ್ಲಿ, ಅದರಲ್ಲೂ ಒಂದೆರಡು ಹುಂಜ ಇಟ್ಟುಕೊಂಡು ಮಾಡಿದರೆ ನಾಲ್ಕು ತಲೆಮಾರಿನಲ್ಲಿ ಒಳಸಂಬಂಧ ಆಗಿ ಮೊಟ್ಟೆಯಿಂದ ಮರಿ ಹೊರಬರೋದು ಕಡಿಮೆ ಆಗುತ್ತೆ, ಮರಿ ಬಲಹೀನ ಆಗ್ತವೆ.

ಲ್ಯೂಕೋಸಿಸ್ ಆದರೆ ಎಲ್ಲಾ ತಲೆಕೆಳಗು. ಈ ವೈರಸ್ ಹೊರಗಡೆ ಕೆಲವೇ ಗಂಟೆಯಲ್ಲಿ ಸಾಯುತ್ತೆ, ಧೂಳಿನಲ್ಲಿ ಬದುಕಲ್ಲ, ಅದರ ದೊಡ್ಡ ದಾರಿಯೇ ಮೊಟ್ಟೆ. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಭ್ರೂಣಕ್ಕೆ. ಭ್ರೂಣದಲ್ಲೇ ಸೋಂಕು ತಗುಲಿಸಿಕೊಂಡ ಮರಿಯ ಮೈ ಆ ವೈರಸ್ಸನ್ನ ತನ್ನದೇ ಅಂತ ತಿಳಿದುಬಿಡುತ್ತೆ, ಅದರ ವಿರುದ್ಧ ಹೋರಾಡೋದೇ ಇಲ್ಲ. ಅಂಥ ಹೇಟೆಗಳಲ್ಲಿ ಎಷ್ಟೋ ನೋಡೋಕೆ ಚೆನ್ನಾಗಿರುತ್ತವೆ, ಗಡ್ಡೆ ಬಂದು ಸಾಯೋವು ಸ್ವಲ್ಪ ಮಾತ್ರ. ಆದರೆ ಜೀವನ ಪೂರ್ತಿ ಮೊಟ್ಟೆಗಳಲ್ಲಿ ವೈರಸ್ ಕಳಿಸ್ತಾ ಇರುತ್ತವೆ. ನೀವು ಗಟ್ಟಿ ಕೋಳಿ ಅಂತ ಪ್ರೀತಿಯಿಂದ ಕಾವಿಗೆ ಕೂರಿಸಿದ ಹೇಟೆಯೇ ರೋಗದ ತವರು ಆಗಿರಬಹುದು. ಇದಕ್ಕೆ ಲಸಿಕೆ ಇಲ್ಲ. ಇರೋ ಒಂದೇ ದಾರಿ ಮೊಟ್ಟೆಯ ಬಿಳಿ ಭಾಗ ಪರೀಕ್ಷೆ ಮಾಡಿ ಸೋಂಕಿನ ಹೇಟೆಗಳನ್ನ ತೆಗೆಯೋದು. ತಳಿ ಕಂಪನಿಗಳು ತಲೆಮಾರುಗಟ್ಟಲೆ ಹೀಗೆ ಮಾಡಿಯೇ ಲ್ಯೂಕೋಸಿಸ್ ಕಡಿಮೆ ಮಾಡಿದ್ದು. ಮನೆ ಮಟ್ಟದಲ್ಲಿ ಆ ಖರ್ಚಿಗಿಂತ ಎಲ್ಲಾ ತೆಗೆದು ಹೊಸದಾಗಿ ಶುರು ಮಾಡೋದು ಸುಲಭ.

ನಾನು ನಿಮ್ಮ ಜಾಗದಲ್ಲಿದ್ದರೆ ವರದಿ ಬರೋವರೆಗೆ ಒಂದೂ ಮೊಟ್ಟೆ ಕಾವಿಗೆ ಇಡಲ್ಲ, ಒಂದೂ ಹೊಸ ಮರಿ ತರಲ್ಲ, ಯಾರಿಗೂ ಕೋಳಿ ಕೊಡಲ್ಲ. ಬೆಳ್ಳುಳ್ಳಿ, ಅರಿಶಿನ, ಬೇವು ಅಂತ ಹೇಳೋರು ಸಿಗ್ತಾರೆ, ಆ್ಯಂಟಿಬಯೋಟಿಕ್ ಬಾಟ್ಲಿ ಕೊಡೋರೂ ಸಿಗ್ತಾರೆ. ಗಡ್ಡೆ ಬಂದ ಮೇಲೆ ಇದ್ಯಾವುದೂ ಕೆಲಸಕ್ಕೆ ಬರಲ್ಲ. ಈಗ ಇರೋ ಕೋಳಿಗೆ ಲಸಿಕೆ ಹಾಕಿಸಿದರೂ ಪ್ರಯೋಜನ ಇಲ್ಲ, ಸೋಂಕು ಮೊದಲೇ ಆಗಿದೆ. ಕಾಲು ಪೂರಾ ಬಿದ್ದುಹೋದ ಕೋಳಿಯನ್ನ ನೀರು, ಮೇವಿಗೆ ತೆವಳಿಸೋದು ಹಿಂಸೆ, ಅದನ್ನ ಬೇಗ ಮುಗಿಸಿಬಿಡೋದೇ ದಯೆ. ಸತ್ತವನ್ನ ರಾಜಕಾಲುವೆಗೋ ಕೆರೆ ಪಕ್ಕಕ್ಕೋ ಎಸೆಯಬೇಡಿ, ನಾಯಿಗಳು ಎಳೆದುಕೊಂಡು ಹೋಗದಷ್ಟು ಆಳಕ್ಕೆ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ.

ಮ್ಯಾರೆಕ್ಸ್ ಅಂತ ವರದಿ ಬಂದರೆ ಎರಡು ದಾರಿ. ಉಳಿದವನ್ನ ಮೊಟ್ಟೆಗೆ ಅಂತ ಇಟ್ಟುಕೊಳ್ಳಬಹುದು, ಇನ್ನೂ ಕೆಲವು ಸಾಯಬಹುದು ಅಂತ ಗೊತ್ತಿದ್ದುಕೊಂಡೇ. ಆಗ ಹೊಸ ಮರಿಗಳನ್ನ ಆ ಶೆಡ್ ಹತ್ತಿರಕ್ಕೂ ಸೇರಿಸಬಾರದು. ಇಲ್ಲ ಎಲ್ಲಾ ತೆಗೆದು ಮತ್ತೆ ಶುರು ಮಾಡಬಹುದು, ನಿಮ್ಮಂಥ ಸಣ್ಣ ಜಾಗಕ್ಕೆ ನನ್ನ ಮನಸ್ಸು ಇದರ ಕಡೆಗಿದೆ. ಹಾಸಿದ ಹೊಟ್ಟು ಪೂರ್ತಿ ಎತ್ತಿ, ತೊಲೆ ಮೇಲಿನ ಧೂಳು, ಜೇಡರ ಬಲೆ ಎಲ್ಲಾ ಒದ್ದೆ ಬಟ್ಟೆಯಲ್ಲಿ ಒರೆಸಿ, ಸೋಪಿನ ನೀರಲ್ಲಿ ತೊಳೆದು, ಆಮೇಲೆ ಸೋಂಕುನಾಶಕ ಹೊಡೆದು, ಕೆಲವು ವಾರ ಖಾಲಿ ಬಿಡಿ. ಒಣಗಿದ್ದನ್ನ ಪೊರಕೆಯಲ್ಲಿ ಗುಡಿಸಿದರೆ ವೈರಸ್ಸನ್ನ ಗಾಳಿಗೆ ತೂರಿದ ಹಾಗೆ. ಮಣ್ಣಿನ ನೆಲ ಆದರೆ ಪೂರ್ತಿ ಶುದ್ಧ ಆಗಲ್ಲ, ಮೇಲಿನ ಮಣ್ಣು ತೆಗೆಸಿ.

ಹೊಸ ಮರಿ ತರೋವಾಗ ಹ್ಯಾಚರಿಯಲ್ಲೇ ಹುಟ್ಟಿದ ದಿನ ಮ್ಯಾರೆಕ್ಸ್ ಲಸಿಕೆ ಹಾಕಿದ ಮರಿಯನ್ನೇ ಕೇಳಿ. ಹೆಸರಘಟ್ಟದ ಕೇಂದ್ರ ಕೋಳಿ ಸಂಸ್ಥೆಯಲ್ಲೂ ವಿಚಾರಿಸಿ ನೋಡಿ. ಮನೆಯಲ್ಲೇ ಕಾವು ಕೊಡಿಸೋದಾದರೆ ಒಂದು ಕಷ್ಟ ಇದೆ, ಲಸಿಕೆ ಸಾಮಾನ್ಯವಾಗಿ ಸಾವಿರ ಡೋಸಿನ ಸೀಸೆಯಲ್ಲಿ ಬರುತ್ತೆ, ಕಲಸಿದ ಮೇಲೆ ಗಂಟೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ನಾಳೆಗೆ ಬರಲ್ಲ. ಸುತ್ತಲಿನ ನಾಲ್ಕು ಮನೆಯವರು ಒಂದೇ ದಿನ ಮರಿ ಬರೋ ಹಾಗೆ ಹೊಂದಿಸಿಕೊಂಡರೆ ಒಂದು ಸೀಸೆ ಎಲ್ಲರಿಗೂ ಆಗುತ್ತೆ. ಕುತ್ತಿಗೆ ಹಿಂದೆ ಚರ್ಮ ಎತ್ತಿ ಅದರ ಕೆಳಗೆ ಚುಚ್ಚಬೇಕು. ಮೊದಲ ಸಲ ನಿಮ್ಮೂರ ಪಶುವೈದ್ಯರ ಹತ್ತಿರ ಕಲಿತುಕೊಳ್ಳಿ, ಚರ್ಮ ದಾಟಿ ಲಸಿಕೆ ಆಚೆ ಹೋದರೂ ಗೊತ್ತಾಗಲ್ಲ. ರಕ್ಷಣೆ ಕಟ್ಟೋಕೆ ಒಂದು ವಾರ ಬೇಕು, ಆ ವಾರದಲ್ಲೇ ಧೂಳು ಸೇರಿದರೆ ಲಸಿಕೆ ಹಾಕಿಯೂ ಹಾಕದ ಹಾಗೆ. ಮೊದಲ ಮೂರು ವಾರ ಮರಿಗಳನ್ನ ದೊಡ್ಡ ಕೋಳಿಗಳಿಂದ ದೂರ, ಅವುಗಳ ಕಡೆಯ ಗಾಳಿ ಬೀಸದ ಜಾಗದಲ್ಲಿ ಇಡಿ. ಬೆಳಗ್ಗೆ ಮೊದಲು ಮರಿಗಳಿಗೆ ಮೇವು ಹಾಕಿ, ಆಮೇಲೆ ದೊಡ್ಡ ಕೋಳಿಗಳ ಹತ್ತಿರ ಹೋಗಿ. ಚಪ್ಪಲಿ ಬೇರೆ, ಬಕೆಟ್ ಬೇರೆ ಇರಲಿ.